ಒಂದು ಮಹಡಿಯ ತಪ್ಪು, ಹದಿನಾಲ್ಕು ಮಹಡಿಯ ಲೆಕ್ಕ

ಸ್ವಂತ ಮನೆಯ ನಕ್ಷೆಯಲ್ಲಿ ನೀರು, ಕೊಳಚೆ ಪೈಪು ಇಳಿಯುವ ಕಿಂಡಿ, ಅಂದರೆ ಡಕ್ಟ್ 100 ಮಿ.ಮೀ. ಕಿರಿದಾದರೆ ಪ್ಲಂಬರ್ ಗೊಣಗಿಕೊಂಡು ಹೇಗೋ ಹೊಂದಿಸುತ್ತಾನೆ. 14 ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಅದೇ ಕೊರತೆ 14 ಸಲ ಕಾಂಕ್ರೀಟಾಗಿ ನಿಂತುಬಿಡುತ್ತದೆ. ಹಾಗಾಗಿ ನಮ್ಮ ಆರ್ಕಿಟೆಕ್ಟ್ ಆಫೀಸಿನಲ್ಲಿ ವಿನ್ಯಾಸ ಒಂದು ಕಡೆ, ಆಫೀಸಿನ ರೀತಿನೀತಿ ಇನ್ನೊಂದು ಕಡೆ ಎಂದು ನೋಡುವುದನ್ನು ಬಿಟ್ಟಿದ್ದೇವೆ. ಯಾರು ಯಾರ ಡ್ರಾಯಿಂಗ್ ತಿದ್ದಬಹುದು ಎನ್ನುವುದರ ಮೇಲೆ ಕಟ್ಟಡದ ಗುಣಮಟ್ಟ ನಿಂತಿದೆ.

ನಕ್ಷೆ ಶುರುವಾಗುವುದು ಹಾಲ್‌ನಿಂದಲ್ಲ, ಬೇಸ್‌ಮೆಂಟಿನಿಂದ. ಕಾರಿಗೆ 2.5 × 5 ಮೀಟರ್. ಎರಡು ಕಾಲಂ ನಡುವೆ ಮೂರು ಕಾರು ನಿಲ್ಲಬೇಕಾದರೆ 7.5 ಮೀಟರ್ ಖಾಲಿ ಬೇಕು. ಕಾಲಂನ 300 ಮಿ.ಮೀ. ಬದಿಯನ್ನು ಅಡ್ಡಕ್ಕೆ ತಿರುಗಿಸಿದರೆ ಮಧ್ಯದಿಂದ ಮಧ್ಯಕ್ಕೆ 7.8 ಮೀಟರ್ ಆಯಿತು. ಇಷ್ಟಕ್ಕೇ ನಿಲ್ಲಿಸಿದರೆ ಎಡವಿದಂತೆ: ಮಳೆನೀರಿನ ಪೈಪು ಕಾಲಂಗೆ ಅಂಟಿಕೊಂಡೇ ಇಳಿಯುತ್ತದೆ, ಕ್ಲ್ಯಾಂಪ್ ಸೇರಿ 150 ಮಿ.ಮೀ. ತಿನ್ನುತ್ತದೆ, ಮೂರನೇ ಕಾರಿನ ಬಾಗಿಲು ತೆರೆಯುವುದಿಲ್ಲ. ಪೈಪು ಕಾಲಂನ ಯಾವ ಮುಖಕ್ಕೆ ಎಂದು ಕಾಲಂಗಳ ಜಾಗ ಗುರುತಿಸುವ ಗ್ರಿಡ್ ಹಾಕುವ ದಿನವೇ ಬರೆಯುತ್ತೇವೆ. ಎತ್ತರದ್ದೂ ಇದೇ ಕಥೆ. ಬೇಸ್‌ಮೆಂಟಿನ ಸೂರಿಗೆ ನೇತುಹಾಕಿದ 110 ಮಿ.ಮೀ. ಕೊಳಚೆ ಪೈಪು 1:100 ಇಳಿಜಾರಿನಲ್ಲಿ 30 ಮೀಟರ್ ಓಡಿದರೆ 300 ಮಿ.ಮೀ. ಕೆಳಗಿಳಿದಿರುತ್ತದೆ. ಬೀಮಿನ ಕೆಳಗೆ 2.4 ಮೀಟರ್ ಇದೆ ಎಂದು ಸೆಕ್ಷನ್ನಿನಲ್ಲಿ (ಕಟ್ಟಡವನ್ನು ಸೀಳಿ ಎತ್ತರ ತೋರಿಸುವ ಡ್ರಾಯಿಂಗಿನಲ್ಲಿ) ಬರೆದದ್ದು ಪೈಪಿನ ಕೆಳಗೆ ಉಳಿದಿರುವುದಿಲ್ಲ. ರ‍್ಯಾಂಪ್ 1:10 ಇಟ್ಟುಕೊಳ್ಳುತ್ತೇವೆ, ಮೇಲೂ ಕೆಳಗೂ 3 ಮೀಟರ್ ದೂರ 1:20. ಇಲ್ಲದಿದ್ದರೆ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ.

ಡಕ್ಟ್ ವಿಷಯದಲ್ಲಿ ಮಾತ್ರ ನಾವು ಬಿಲ್ಡರ್ ಜೊತೆ ಜಗಳಕ್ಕೂ ಸಿದ್ಧ. ಪೈಪು ಹಿಡಿಸಿದರೆ ಸಾಲದು, ರಿಪೇರಿಗೆ ಬಂದವನು ಪಾನಾ ಹಿಡಿದು ಒಳಗೆ ಬಗ್ಗಬೇಕು. ಪೈಪಿನ ಸಾಲಿಗೆ 250 ಮಿ.ಮೀ. ಬಿಟ್ಟು, ನಿಲ್ಲಲು 750 ಉಳಿಸುತ್ತೇವೆ. ಪ್ರತಿ ಮಹಡಿಯಲ್ಲೂ ಕಬ್ಬಿಣದ ಜಾಲರಿ, ಎಲ್ಲರೂ ಓಡಾಡುವ ಜಾಗದಿಂದ ತೆರೆಯುವ 600 ಮಿ.ಮೀ. ಬಾಗಿಲು. ಮಾರಾಟಕ್ಕೆ ಬರುವ ಜಾಗ ಹೋಯಿತೆಂದು ಇದನ್ನು ಕತ್ತರಿಸಲು ಒತ್ತಡ ಬಂದೇ ಬರುತ್ತದೆ. ಆಗ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯನ್ನು ಮುಂದಿಡುತ್ತೇವೆ. ಅದರ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲದ ಅಳತೆಯಲ್ಲಿ, ಒಳಗೋಡೆ ಸೇರುತ್ತದೆ, ಹೊರಗೋಡೆ ಮತ್ತು ಡಕ್ಟ್ ಸೇರುವುದಿಲ್ಲ. ಬುಕಿಂಗ್ ಆದ ಮೇಲೆ ಡಕ್ಟ್ ಹಿಗ್ಗಿಸಿದರೆ ಆ ಮನೆಯ ಅಳತೆಯೇ ಕುಗ್ಗುತ್ತದೆ, ಮಾಲೀಕರ ಒಪ್ಪಿಗೆ ಬೇಕಾಗುತ್ತದೆ. ಒಪ್ಪುವವರು ಯಾರು?

ಇನ್ನೊಂದು ಕಳ್ಳ ತಪ್ಪು ಮಿರರ್ ಕಮಾಂಡ್, ಕಂಪ್ಯೂಟರಿನಲ್ಲಿ ನಕ್ಷೆಯನ್ನು ಕನ್ನಡಿಯಂತೆ ಎಡಬಲ ಮಗುಚುವುದು. ಒಂದು ಫ್ಲಾಟ್ ಬರೆದು ಪಕ್ಕಕ್ಕೆ ಮಗುಚಿದರೆ ಕೆಲಸ ಅರ್ಧ ಮುಗಿಯಿತು ಎನಿಸುತ್ತದೆ. ಆದರೆ ಕಮೋಡ್ ಪಕ್ಕದ ಹೆಲ್ತ್ ಫಾಸೆಟ್ ಬಲಗೈಗೇ ಸಿಗಬೇಕು, ಫ್ರಿಜ್ ಬಾಗಿಲಿನ ಹಿಂಜ್ ಇದ್ದ ಕಡೆಯೇ ಇರುತ್ತದೆ, ಪಶ್ಚಿಮದ ಬಿಸಿಲು ಬರುವುದೂ ಪಶ್ಚಿಮದಿಂದಲೇ. ಆಗ್ನೇಯದ ಅಡುಗೆಮನೆ ನೈರುತ್ಯಕ್ಕೆ ಹೋಗಿ ಕೂರುತ್ತದೆ, ಗಿರಾಕಿ ಮೊದಲು ಹಿಡಿಯುವುದು ಅದನ್ನೇ. ಮಗುಚಿದ ಫ್ಲಾಟನ್ನು ಹೊಸ ಫ್ಲಾಟ್ ಎಂದೇ ಲೆಕ್ಕ ಹಿಡಿದು ಮತ್ತೊಮ್ಮೆ ಪರಿಶೀಲಿಸುತ್ತೇವೆ.

ನೀರಿನ ಲೆಕ್ಕ ಸರಳ: ತಲೆಗೆ ದಿನಕ್ಕೆ 135 ಲೀಟರ್, ಮನೆಗೆ ಐವರು, 60 ಮನೆಗೆ 40,500 ಲೀಟರ್. 600 ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 30,000 ಲೀಟರ್. ಅದಕ್ಕೆ ಸಂಪ್ ಬೇರೆಯೇ ಇರಲಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ.

ಡ್ರಾಯಿಂಗ್ ಸೈಟಿಗೆ ಹೋಗುವ ಮುನ್ನ ಬರೆದವರಲ್ಲದೆ ಇನ್ನೊಬ್ಬರು ಪ್ರಿಂಟ್ ತೆಗೆದು ನೋಡುತ್ತಾರೆ. ಸರಿಯಿದ್ದ ಅಳತೆಗೆ ಹಳದಿ, ತಪ್ಪಿಗೆ ಕೆಂಪು. ಬಣ್ಣ ಬೀಳದ ಅಳತೆ ಇದ್ದರೆ ಆ ಹಾಳೆ ಹೊರಗೆ ಹೋಗುವಂತಿಲ್ಲ. ಸೀನಿಯರ್ ಬರೆದದ್ದನ್ನು ಜೂನಿಯರ್ ನೋಡಬೇಕೆಂಬುದು ನಿಯಮ. ‘ಸಾರ್ ಹೇಳಿದ್ದಾರೆ’ ಎಂಬ ಎರಡೇ ಪದದಿಂದ ನಮ್ಮ ಕಡೆ ಪ್ರಶ್ನೆಗಳು ಸಾಯುತ್ತವೆ. ನಿಯಮವೇ ಕೇಳಲು ಹೇಳಿದಾಗ ಮುಜುಗರವಿಲ್ಲ. ತಿದ್ದಿದ ಹೊಸ ಪ್ರತಿ (ರಿವಿಷನ್) ಬಂದ ದಿನ ಸೈಟಿನಲ್ಲಿರುವ ಹಳೆಯ ಪ್ರಿಂಟ್ ವಾಪಸ್ ಬರಬೇಕು. ಸೆಂಟ್ರಿಂಗ್ ಮೇಸ್ತ್ರಿಯ ಜೇಬಿನಲ್ಲಿ ಮಡಚಿಟ್ಟದ್ದೂ ಸೇರಿ.

ತಪ್ಪು ಬರೆಯಲು ಒಂದು ಪುಸ್ತಕವಿದೆ. ಹಾಳೆಯ ಸಂಖ್ಯೆ, ಏನು ತಪ್ಪಿತು, ಯಾವ ಹಂತದಲ್ಲಿ ಗೊತ್ತಾಯಿತು, ಚೆಕ್‌ಲಿಸ್ಟಿಗೆ ಯಾವ ಸಾಲು ಸೇರಿತು, ಈ ನಾಲ್ಕೇ ಕಲಂ. ಹೆಸರಿನ ಕಲಂ ಇಲ್ಲ. ಹೆಸರು ಬರೆಸಿದರೆ ಮೂರನೇ ಮಹಡಿಯಲ್ಲಿ ಕಂಡ ತಪ್ಪನ್ನು ಮುಚ್ಚಿಟ್ಟುಕೊಳ್ಳುತ್ತಾರೆ, ಅದು ಎಂಟನೇ ಮಹಡಿಯಲ್ಲಿ ಹೊರಬರುತ್ತದೆ.

ಎಲ್ಲ ಮನೆಗಳಲ್ಲಿ ಟೈಲ್ಸ್ ಕೆಲಸ ಶುರುವಾಗುವ ಮೊದಲು ಒಂದು ಮಾದರಿ ಫ್ಲಾಟನ್ನು ಬಚ್ಚಲಿನ ನಲ್ಲಿಯವರೆಗೆ ಪೂರ್ತಿ ಮುಗಿಸುತ್ತೇವೆ. ಬಚ್ಚಲಿನ ಸೋರಿಕೆ ಹೆಚ್ಚಾಗಿ ಸ್ಲ್ಯಾಬಿನ ನಡುವಿನದಲ್ಲ, ಪೈಪು ತೂರುವ ತೂತಿನ ಅಂಚಿನದು. ತೂತಿಗೆ ಕುಗ್ಗದ ಗ್ರೌಟ್ ತುಂಬಿ, ನೆಲ-ಗೋಡೆ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿ (ಗೋಲಾ ಹೊಡೆದು), ವಾಟರ್‌ಪ್ರೂಫಿಂಗನ್ನು ಗೋಡೆಗೆ 300 ಮಿ.ಮೀ., ಶವರ್ ಕಡೆ 1.8 ಮೀಟರ್ ಏರಿಸಿ, 48 ಗಂಟೆ ನೀರು ಕಟ್ಟಿ ನಿಲ್ಲಿಸಬೇಕು. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಕೆಳಮನೆಯ ಸೂರಿನ ಫೋಟೋ ತೆಗೆದಿಡುತ್ತೇವೆ.

ಜನ ವಾಸಕ್ಕೆ ಬಂದು ಒಂದು ಮಳೆಗಾಲ ಕಳೆದ ಮೇಲೆ, ಆ ಕೆಲಸ ಮಾಡಿದ ಜೂನಿಯರನ್ನೇ ಅಲ್ಲಿಗೆ ಕಳಿಸುತ್ತೇವೆ. ಮೊದಲು ಮಾತಾಡಿಸಬೇಕಾದದ್ದು ಅಸೋಸಿಯೇಷನ್‌ನವರನ್ನಲ್ಲ, ಸೆಕ್ಯುರಿಟಿಯವರನ್ನು ಮತ್ತು ನೆಲ ಒರೆಸುವವರನ್ನು. ಬಕೆಟ್ ಎಲ್ಲಿ ಇಡುತ್ತೀರಿ ಎಂದು ಕೇಳಿದರೆ ನೇರ ಆ ಜಾಗಕ್ಕೇ ಕರೆದುಕೊಂಡು ಹೋಗುತ್ತಾರೆ.