ಗ್ರೀನ್ ಕಾರ್ಡ್ ಅರ್ಜಿಗೆ ವಕೀಲರು: ನಾವು ಕೊಂಡದ್ದು ಒಂದು ಗಂಟೆ

ಮಗಳಿಗೆ ಅಮೆರಿಕದ ಪೌರತ್ವ ಸಿಕ್ಕಿತೆಂಬ ಸುದ್ದಿ ಉಡುಪಿಯ ನಮ್ಮ ಬೀದಿಯಲ್ಲಿ ಹಬ್ಬಿತು. ಇನ್ನು ಆಕೆ ನಮ್ಮಿಬ್ಬರಿಗೂ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಶಾಶ್ವತವಾಗಿ ನೆಲೆಸುವ ಅನುಮತಿ, ಕೇಳಬಹುದಿತ್ತು. ಸಲಹೆಗೆ ಬರವಿರಲಿಲ್ಲ. ‘ನಾಲ್ಕು ಫಾರ್ಮ್ ತುಂಬುವ ಕೆಲಸಕ್ಕೆ ವಕೀಲರೇಕೆ’ ಎನ್ನುವವರು ಒಂದು ಪಂಗಡ. ‘ಅಮೆರಿಕದ ಕಾನೂನು, ಎಡವಿದರೆ ಬಾಗಿಲೇ ಮುಚ್ಚುತ್ತದೆ, ವಕೀಲರಿಲ್ಲದೆ ಕೈ ಹಾಕಬೇಡಿ’ ಎನ್ನುವವರು ಇನ್ನೊಂದು ಪಂಗಡ. ಎರಡರಲ್ಲೂ ಸ್ವತಃ ಅರ್ಜಿ ಹಾಕಿದವರು ಬೆರಳೆಣಿಕೆಯಷ್ಟು.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಆರ್‌ಟಿಸಿ, ಋಣಭಾರ ಪತ್ರ, ವಂಶವೃಕ್ಷ, ಅಫಿಡವಿಟ್‌ಗಳ ನಡುವೆಯೇ ಕೂದಲು ನರೆತಿದೆ, ಕಾಗದಪತ್ರಕ್ಕೆ ಹೆದರುವವನಲ್ಲ. ಸಾಲದ ಫೈಲು ನೋಡಿ ನೋಡಿ ಅಂಟಿಕೊಂಡ ಅಭ್ಯಾಸವೊಂದಿದೆ: ಗುಮಾಸ್ತೆಯ ಕೆಲಸ ಎಲ್ಲಿ ಮುಗಿಯುತ್ತದೆ, ಮ್ಯಾನೇಜರನ ವಿವೇಚನೆ ಎಲ್ಲಿ ಶುರುವಾಗುತ್ತದೆ ಎಂದು ಮೊದಲು ಗೆರೆ ಎಳೆದುಕೊಳ್ಳುವುದು. ವಕೀಲರ ವಿಷಯದಲ್ಲೂ ಹಾಗೆಯೇ ಮಾಡಿದೆ.

ಮೊದಲು ಅರ್ಜಿಯ ಸ್ವರೂಪ. ಇಪ್ಪತ್ತೊಂದು ತುಂಬಿದ ಅಮೆರಿಕನ್ ಪ್ರಜೆ ತನ್ನ ತಂದೆತಾಯಿಗಾಗಿ ಐ-130 ಎಂಬ ಅರ್ಜಿ ಸಲ್ಲಿಸಬೇಕು. ತಂದೆಗೊಂದು, ತಾಯಿಗೊಂದು, ಗಂಡ ಹೆಂಡತಿ ಎಂದು ಒಟ್ಟಿಗೆ ಸೇರಿಸುವಂತಿಲ್ಲ. 2024ರ ಏಪ್ರಿಲ್ 1ರಿಂದ ಆನ್‌ಲೈನ್ ಶುಲ್ಕ 625 ಡಾಲರ್, ಕಾಗದದಲ್ಲಾದರೆ 675. ಅದು ಮಂಜೂರಾದ ಮೇಲೆ ಕಡತ ವೀಸಾ ದಾಖಲೆಗಳನ್ನು ಪರಿಶೀಲಿಸುವ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಅಲ್ಲಿ ತಲಾ 325 ಡಾಲರ್ ವೀಸಾ ಶುಲ್ಕ, ಹೆತ್ತವರ ಖರ್ಚಿಗೆ ತಾನು ಹೊಣೆ ಎಂದು ಮಗಳು ಬರೆದುಕೊಡುವ ಆರ್ಥಿಕ ಹೊಣೆಪತ್ರದ ಪರಿಶೀಲನೆಗೆ 120 ಡಾಲರ್, ಡಿಎಸ್-260 ಎಂಬ ವೀಸಾ ಅರ್ಜಿಯ ಫಾರ್ಮ್, ದಾಖಲೆಗಳ ಸ್ಕ್ಯಾನ್ ಪ್ರತಿ. ಕೊನೆಗೆ ವೈದ್ಯಕೀಯ ತಪಾಸಣೆ, ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ. ಅಪ್ಪ ಅಮ್ಮಂದಿರಿಗೆ ವಾರ್ಷಿಕ ಮಿತಿ ಇಲ್ಲದ ಕಾರಣ ವರ್ಷಗಟ್ಟಲೆ ಸರದಿ ಕಾಯುವ ಗೋಳೂ ಇಲ್ಲ. ಫಾರ್ಮುಗಳ ಸೂಚನೆಗಳನ್ನು ನಿಧಾನವಾಗಿ ಓದಿದರೆ ನಮ್ಮ ಗೃಹಸಾಲದ ಅರ್ಜಿಗಿಂತ ಕಷ್ಟವೇನಲ್ಲ.

ಮಂಗಳೂರಿನ ಒಂದು ಕನ್ಸಲ್ಟೆನ್ಸಿಗೂ ಹೋಗಿಬಂದೆ. ಕಾಫಿ ಕೊಟ್ಟರು, ಗೋಡೆಯ ಮೇಲೆ ನಾನಾ ದೇಶಗಳ ಧ್ವಜಗಳಿದ್ದವು, ‘ಪ್ಯಾಕೇಜ್’ ಎಂದರು. ಅದಕ್ಕಿಂತ ಬೇಗ ಆಗುವ ದಾರಿಯನ್ನೂ ಸೂಚಿಸಿದರು: ಹೇಗೂ ಪ್ರವಾಸಿ ವೀಸಾ ಇದೆಯಲ್ಲ, ಅದರಲ್ಲೇ ಹೋಗಿ, ಅಲ್ಲಿಂದಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ. ಫಾರ್ಮುಗಳನ್ನು ನೀವೇ ತುಂಬಿದರೆ ತಯಾರಕರ ಜಾಗದಲ್ಲಿ ನಿಮ್ಮ ಸಹಿ ಹಾಕುತ್ತೀರಾ ಎಂದು ಕೇಳಿದೆ. ಐ-130ರಲ್ಲಿ ಅದಕ್ಕೆಂದೇ ಒಂದು ಭಾಗವಿದೆ. ಅರ್ಜಿದಾರರ ಪರವಾಗಿ ಬೇರೆಯವರು ಫಾರ್ಮ್ ಸಿದ್ಧಪಡಿಸಿದರೆ ಅವರ ಹೆಸರು, ವಿಳಾಸ, ಸಹಿ ಅಲ್ಲಿರಬೇಕು. ಮಾತು ಬೇರೆ ಕಡೆಗೆ ಹೊರಳಿತು. ನಾನೂ ಎದ್ದೆ.

ಅಮೆರಿಕದ ವಲಸೆ ವಿಷಯದಲ್ಲಿ ಕಾನೂನು ಸಲಹೆ ಕೊಡುವ, ಅರ್ಜಿದಾರರನ್ನು ಪ್ರತಿನಿಧಿಸುವ ಅಧಿಕಾರ ಇರುವುದು ಅಲ್ಲಿನ ಯಾವುದಾದರೂ ರಾಜ್ಯದಲ್ಲಿ ಸನ್ನದು ಪಡೆದ ವಕೀಲರಿಗೆ, ಅಥವಾ ಅಲ್ಲಿನ ನ್ಯಾಯ ಇಲಾಖೆ ಮಾನ್ಯ ಮಾಡಿದ ಪ್ರತಿನಿಧಿಗಳಿಗೆ. ಅವರು ಜಿ-28 ಎಂಬ ವಕಾಲತ್ತು ಸಲ್ಲಿಸುತ್ತಾರೆ. ಉಡುಪಿಯ ನ್ಯಾಯಾಲಯದಲ್ಲಿ ಎಷ್ಟೇ ಹೆಸರುವಾಸಿಯಾದ ವಕೀಲರಾದರೂ ಅವರು ನಮಗೆ ಅಫಿಡವಿಟ್ ಬರೆಸಿಕೊಡಬಹುದು, ಅಮೆರಿಕದಲ್ಲಿ ಸಲ್ಲಿಸುವ ಅರ್ಜಿಯಲ್ಲಿ ಅದಕ್ಕಿಂತ ಮುಂದೆ ಹೋಗುವಂತಿಲ್ಲ. ವಲಸೆ ಕಾನೂನು ಇಡೀ ಅಮೆರಿಕಕ್ಕೆ ಒಂದೇ ಆಗಿರುವುದರಿಂದ ಮಗಳು ಇರುವ ನ್ಯೂಜೆರ್ಸಿಯ ವಕೀಲರೇ ಆಗಬೇಕೆಂದೂ ಇಲ್ಲ.

ಆಕೆ ವಿಚಾರಿಸಿದ ವಕೀಲರೊಬ್ಬರು ಎರಡೂ ಅರ್ಜಿಗಳನ್ನು ಕೊನೆವರೆಗೆ ನಡೆಸಿಕೊಡಲು ಐದು ಸಾವಿರ ಡಾಲರಿನ ಹತ್ತಿರ ಕೇಳಿದರು, ಸರಕಾರಿ ಶುಲ್ಕ ಹೊರತುಪಡಿಸಿ. ಆ ಹಣಕ್ಕೆ ಮಾಡಿಕೊಡುವ ಕೆಲಸಗಳ ಪಟ್ಟಿಯನ್ನು ತರಿಸಿಕೊಂಡು, ಪ್ರತಿ ಸಾಲಿನ ಎದುರು ‘ಗು’ ಅಥವಾ ‘ಮ್ಯಾ’ ಎಂದು ಪೆನ್ಸಿಲಿನಲ್ಲಿ ಬರೆದೆ. ಮುಕ್ಕಾಲು ಪಾಲು ‘ಗು’. ಅದರಲ್ಲೂ ಕಷ್ಟದ ಭಾಗವೆಲ್ಲ ಉಡುಪಿಯಲ್ಲೇ ಆಗಬೇಕಾದದ್ದು. ಅಲ್ಲಿ ಕುಳಿತ ವಕೀಲರು ನಮಗೆ ಇಮೇಲ್ ಕಳಿಸಿ ‘ತನ್ನಿ’ ಎನ್ನಬಹುದಿತ್ತು, ಅಷ್ಟೆ.

ಏನು ತರಬೇಕಿತ್ತು? ತಾಯಿಯ ಅರ್ಜಿಯಲ್ಲಿ ಸಂಬಂಧ ತೋರಿಸಲು ಮಗಳ ಜನನ ಪ್ರಮಾಣಪತ್ರ ಸಾಕು. ತಂದೆಯ ಅರ್ಜಿಗೆ ಅದರ ಜೊತೆಗೆ ವಿವಾಹ ಪ್ರಮಾಣಪತ್ರವೂ ಬೇಕು. ನಮ್ಮ ಮದುವೆ 1985ರಲ್ಲಿ, ದೇವಸ್ಥಾನದ ಸಭಾಂಗಣದಲ್ಲಿ. ಆ ಕಾಲಕ್ಕೆ ನೋಂದಣಿ ಮಾಡಿಸಿದವರು ಯಾರು? ಹಳೆಯ ಆಮಂತ್ರಣ ಪತ್ರಿಕೆ, ಧಾರೆಯ ಫೋಟೊ, ಸಾಕ್ಷಿಗಳನ್ನು ಕರೆದುಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಹೋದೆವು. ಸಾಲಿನಲ್ಲಿದ್ದ ಹೊಸ ಜೋಡಿಗಳೆಲ್ಲ ನಮ್ಮನ್ನೇ ನೋಡುತ್ತಿದ್ದರು. ಹೆಂಡತಿಗೆ ನಾಚಿಕೆ, ನನಗೆ ಮೋಜು.

ನಮ್ಮಿಬ್ಬರ ಜನನ ಪ್ರಮಾಣಪತ್ರದ್ದು ಬೇರೆ ಕತೆ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದೆ ಹಳ್ಳಿಯ ಮನೆಯಲ್ಲಿ ಹುಟ್ಟಿದ ನಮ್ಮಂಥವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ‘ಆದೇಶ ಮಾಡಿಸಿ ಹೊಸದಾಗಿ ಪ್ರಮಾಣಪತ್ರ ತೆಗೆಸಿ’ ಎಂದು ಹಲವರು ಹೇಳಿದರು. ನಾನು ಒಪ್ಪಲಿಲ್ಲ. ಅರುವತ್ತು ದಾಟಿದವನ ಜನನ ಕಳೆದ ತಿಂಗಳು ನೋಂದಣಿಯಾದದ್ದನ್ನು ಕಂಡರೆ ಸಾಲದ ಅಧಿಕಾರಿಯಾಗಿ ನನಗೇ ಹುಬ್ಬೇರುತ್ತಿತ್ತು. ದಾಖಲೆ ಲಭ್ಯವಿಲ್ಲ ಎಂಬ ಹಿಂಬರಹ, ಶಾಲಾ ದಾಖಲೆ, ಹಿರಿಯ ಸಂಬಂಧಿಕರ ಅಫಿಡವಿಟ್ ಇದ್ದರೆ ಅಮೆರಿಕದ ಅಧಿಕಾರಿಗಳೂ ಒಪ್ಪುತ್ತಾರೆ. ನನಗೆ ಅಫಿಡವಿಟ್ ಕೊಟ್ಟವರು ಅಕ್ಕ. ಎಂಬತ್ತು ದಾಟಿದ ಆಕೆಯನ್ನು ಆಟೊದಲ್ಲಿ ನೋಟರಿಯ ಬಳಿ ಕರೆದೊಯ್ದಾಗ, ಇವನು ಹುಟ್ಟಿದ್ದು ನಿಮಗೆ ನೆನಪಿದೆಯೇ ಎಂದು ಅವರು ಕೇಳಿದರು. ‘ಆಟಿಯ ಮಳೆ. ಸೂಲಗಿತ್ತಿಯನ್ನು ದೋಣಿಯಲ್ಲಿ ದಾಟಿಸಿ ತಂದದ್ದು ನಾನೇ ಕಂಡಿದ್ದೇನೆ’ ಎಂದಳು. ನೋಟರಿ ದೋಣಿಯನ್ನು ಬಿಟ್ಟು ತಾರೀಕನ್ನು ಮಾತ್ರ ಬರೆದುಕೊಂಡರು.

ಹೆಸರುಗಳ ಗೊಂದಲವೂ ಇತ್ತು. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿನ ಮುಂದೆ ‘ಶೆಡ್ತಿ’, ಪಾಸ್‌ಪೋರ್ಟಿನಲ್ಲಿ ‘ಶೆಟ್ಟಿ’, ಶಾಲೆಯ ದಾಖಲೆಯಲ್ಲಿ ಬರೀ ಹೆಸರು. ಮೇಲಿಂದ, ಮಗಳು ಹುಟ್ಟಿದ ಊರು ಪ್ರಮಾಣಪತ್ರದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯದು, ಈಗ ಉಡುಪಿ ಜಿಲ್ಲೆಯದು. ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಇದಕ್ಕೆಲ್ಲ ನ್ಯೂಜೆರ್ಸಿಯ ವಕೀಲರ ಬಳಿ ಮದ್ದಿಲ್ಲ. ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್, ಎರಡೂ ಹೆಸರಿರುವ ಹಳೆಯ ಬ್ಯಾಂಕ್ ಪಾಸ್‌ಬುಕ್, ಜಿಲ್ಲೆಯ ಬಗ್ಗೆ ಎರಡು ಸಾಲಿನ ವಿವರಣೆ, ಇಷ್ಟರಲ್ಲಿ ಮುಗಿಯಿತು. ಕನ್ನಡ ದಾಖಲೆಗಳನ್ನು ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಇಂಗ್ಲಿಷಿಗೆ ತಂದರು. ಅನುವಾದ ಪೂರ್ಣ ಮತ್ತು ಸರಿ, ಎರಡೂ ಭಾಷೆ ತನಗೆ ಗೊತ್ತು ಎಂದು ಅನುವಾದಕರು ಬರೆದು ಸಹಿ ಹಾಕಿದರೆ ಸಾಕು. ದೊಡ್ಡ ಮುದ್ರೆಗಳು ಬೇಕಿಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕ ಬಂತು.

ಉಳಿದದ್ದು ‘ಮ್ಯಾ’ ಎಂದು ಗುರುತಿಸಿದ ಪ್ರಶ್ನೆಗಳು. ಅವಕ್ಕೆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. ಕಿರಿಯ ಮಗನ ಗತಿಯೇನು? ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಅರ್ಜಿ ಹಾಕುವುದು ಸರಿಯೇ? ಮಗಳು ಎರಡನೆಯ ಮಗುವಿನ ನಂತರ ಕೆಲಸ ಬಿಟ್ಟಿದ್ದಾಳೆ. ಹೊಣೆಪತ್ರಕ್ಕೆ ಆದಾಯ ಎಲ್ಲಿಂದ ತೋರಿಸುವುದು? ಎಲ್ಲಕ್ಕಿಂತ ಮೊದಲು, ನಮಗೆ ಗ್ರೀನ್ ಕಾರ್ಡ್ ಬೇಕೇ ಬೇಕೇ?

ಇವಕ್ಕಾಗಿ ಬೇರೊಬ್ಬ ವಕೀಲೆಯ ಒಂದು ಗಂಟೆಯನ್ನು 300 ಡಾಲರಿಗೆ ಕೊಂಡೆವು. ಆಕೆಗೆ ಸನ್ನದು ಇದೆಯೇ, ಶಿಸ್ತುಕ್ರಮವೇನಾದರೂ ಆಗಿದೆಯೇ ಎಂಬುದನ್ನು ಆ ರಾಜ್ಯದ ವಕೀಲರ ಪರಿಷತ್ತಿನ ಜಾಲತಾಣದಲ್ಲಿ ನೋಡಿಕೊಂಡೆವು. ಕುಟುಂಬದ ಎಲ್ಲರ ಹುಟ್ಟು, ಮದುವೆ, ವಿದೇಶ ಪ್ರಯಾಣ, ಹಿಂದಿನ ವೀಸಾಗಳನ್ನು ಒಂದೇ ಹಾಳೆಯಲ್ಲಿ ಕಾಲಾನುಕ್ರಮವಾಗಿ ಬರೆದು ಮೊದಲೇ ಕಳಿಸಿದ್ದೆ. ಇಲ್ಲವಾದರೆ ಅರ್ಧ ಗಂಟೆ ಪೂರ್ವೋತ್ತರ ಹೇಳುವುದರಲ್ಲೇ ಕಳೆಯುತ್ತಿತ್ತು.

ಆಕೆ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡರು. ಮೊಮ್ಮಕ್ಕಳನ್ನು ನೋಡಿ ಕೆಲವು ತಿಂಗಳು ಇದ್ದು ಬರುವುದಾದರೆ ಪ್ರವಾಸಿ ವೀಸಾ ಸಾಕು, ಈ ಅರ್ಜಿಯೇ ಬೇಡ ಎಂದರು. ಗ್ರೀನ್ ಕಾರ್ಡ್ ಅಲ್ಲಿ ವಾಸಿಸುವವರಿಗೆ. ಆರು ತಿಂಗಳು ಮೀರಿ ಹೊರಗಿದ್ದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಏಳುತ್ತದೆ. ವರ್ಷ ದಾಟಿದರೆ, ಮರುಪ್ರವೇಶ ಪರವಾನಗಿ ಪಡೆದಿರದಿದ್ದರೆ, ಆ ಕಾರ್ಡು ಒಳಬರಲು ಪ್ರಯೋಜನಕ್ಕೆ ಬಾರದು. ಅರುವತ್ತೈದು ದಾಟಿದವರು ಹೋದ ಕೂಡಲೇ ಮೆಡಿಕೇರ್ ಎಂಬ ಹಿರಿಯರ ಸರಕಾರಿ ಆರೋಗ್ಯ ವಿಮೆ ಸಿಗುತ್ತದೆ ಎಂದೂ ಭಾವಿಸಬೇಡಿ, ಅಲ್ಲಿ ಕೆಲಸ ಮಾಡಿರದವರು ಅದನ್ನು ಹಣ ಕೊಟ್ಟು ಕೊಳ್ಳಲೂ ಐದು ವರ್ಷ ಸತತ ವಾಸ ಬೇಕು ಎಂದರು. ಇದನ್ನು ಪ್ಯಾಕೇಜ್ ಮಾರುವವರು ಯಾರೂ ಹೇಳಿರಲಿಲ್ಲ. ಐದು ಸಾವಿರ ಕೇಳಿದ ವಕೀಲರೂ ಹೇಳಿರಲಿಲ್ಲ. ಇಡೀ ಕೆಲಸವನ್ನು ಗುತ್ತಿಗೆಗೆ ಹಿಡಿಯುವವರಿಂದ ‘ಈ ಕೆಲಸವೇ ಬೇಡ’ ಎಂಬ ಮಾತನ್ನು ನಿರೀಕ್ಷಿಸುವುದೂ ತಪ್ಪು. ಗಂಟೆಗೆ ಹಣ ಪಡೆದವರಿಗೆ ಆ ಹಂಗಿಲ್ಲ.

ಪ್ರವಾಸಿ ವೀಸಾದ ಅಡ್ಡದಾರಿಗೆ ಖಡಾಖಂಡಿತ ಬೇಡ ಎಂದರು. ಅಲ್ಲೇ ಉಳಿಯುವ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ‘ನೋಡಿ ಹೋಗಲು ಬಂದೆ’ ಎಂದರೆ ಅದು ಸುಳ್ಳು ಹೇಳಿಕೆ; ಸಾಬೀತಾದರೆ ಅದರ ಕಲೆ ಜೀವಮಾನವಿಡೀ ಉಳಿಯುತ್ತದೆ.

ಆದಾಯಕ್ಕೆ ಅಳಿಯನ ಸಂಬಳವನ್ನು ಸೇರಿಸಬಹುದು, ಆದರೆ ಅವನು ಐ-864ಎ ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕು. ಮನೆಯ ಸದಸ್ಯರ ಲೆಕ್ಕದಲ್ಲಿ ನಾವಿಬ್ಬರೂ ಸೇರಿ ಆರು ಜನ. ಅಷ್ಟು ಜನರಿಗೆ ಸರಕಾರ ನಿಗದಿಪಡಿಸಿದ ಬಡತನ ರೇಖೆಯ ಶೇ. 125ರಷ್ಟು ಆದಾಯ ಬೇಕು. ಈ ಹೊಣೆ ನಾವು ಪೌರತ್ವ ಪಡೆಯುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ತ್ರೈಮಾಸಿಕಗಳು ನಮ್ಮ ಲೆಕ್ಕಕ್ಕೆ ಸೇರುವವರೆಗೆ, ಇಲ್ಲವೇ ಕಾರ್ಡು ಬಿಟ್ಟುಕೊಟ್ಟು ಶಾಶ್ವತವಾಗಿ ಮರಳುವವರೆಗೆ ಉಳಿಯುತ್ತದೆ. ಅಳಿಯಸಂತಾನದ ಸೀಮೆಯಲ್ಲಿ ಹುಟ್ಟಿ ಅಳಿಯನ ಕೈಯಲ್ಲಿ ಇಂಥ ಪತ್ರ ಬರೆಸಿಕೊಳ್ಳುವುದು ನನಗೆ ಮುಜುಗರವೇ. ಅವನು ಆ ಕರೆಯಲ್ಲಿದ್ದು ಎಲ್ಲವನ್ನೂ ಕೇಳಿಸಿಕೊಂಡು ಒಪ್ಪಿದ ಕಾರಣ ಆಮೇಲೆ ಮಾತು ಬೆಳೆಯಲಿಲ್ಲ.

ಮಗನ ವಿಷಯಕ್ಕೆ ಬಂದಾಗ ವಕೀಲೆ ಕೇಳಿದ್ದು: ‘ಮದುವೆ ನಿಶ್ಚಯವಾಗಿದೆಯೇ?’ ಹೆಂಡತಿ ಆ ವಾರವೇ ಎರಡು ಜಾತಕ ತೋರಿಸಿ ಬಂದಿದ್ದಳು. ತಂದೆತಾಯಿಯ ಅರ್ಜಿಯಲ್ಲಿ ಮಕ್ಕಳು ಜೊತೆಗೆ ಬರುವಂತಿಲ್ಲ, ಅಪ್ರಾಪ್ತರಾದರೂ ಇಲ್ಲ. ನಮಗೆ ಗ್ರೀನ್ ಕಾರ್ಡ್ ಬಂದ ಮೇಲೆ ಅವಿವಾಹಿತ ಮಗನಿಗಾಗಿ ನಾವು ಅರ್ಜಿ ಹಾಕಬಹುದು. ಭಾರತದವರಿಗೆ ಆ ಸರದಿ 2025ರಲ್ಲಿ 2016ರ ಆಸುಪಾಸಿನ ಅರ್ಜಿಗಳಲ್ಲಿತ್ತು. ನಡುವೆ ಅವನು ತಾಳಿ ಕಟ್ಟಿದರೆ ಅರ್ಜಿ ಅಲ್ಲಿಗೇ ರದ್ದು, ಏಕೆಂದರೆ ಗ್ರೀನ್ ಕಾರ್ಡ್ ಉಳ್ಳವರು ಮದುವೆಯಾದ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ. ಅಕ್ಕನೇ ತಮ್ಮನಿಗಾಗಿ ಅರ್ಜಿ ಹಾಕಿದರೆ ಮದುವೆಯ ಅಡ್ಡಿಯಿಲ್ಲ, ಆದರೆ ಅಲ್ಲಿ ಸರದಿ 2025ರಲ್ಲೂ 2006ರ ಅರ್ಜಿಗಳಲ್ಲೇ ಇತ್ತು. ಮಗನಿಗೆ ಇದನ್ನು ಹೇಳಿದೆವು. ಅಮೆರಿಕಕ್ಕಾಗಿ ಮದುವೆ ಮುಂದೂಡುವುದಿಲ್ಲ ಎಂದು ಅವನು ಊಟದ ನಡುವೆಯೇ ತೀರ್ಮಾನ ಕೊಟ್ಟ. ಮಗಳು ಅವನ ಹೆಸರಿನಲ್ಲೂ ಒಂದು ಐ-130 ಹಾಕಿಟ್ಟಿದ್ದಾಳೆ, ಸರದಿ ಬಂದಾಗ ನೋಡೋಣ ಎಂದು.

ನಾವಿಬ್ಬರು ಹೋಗುವುದೆಂದೇ ತೀರ್ಮಾನವಾಯಿತು. ಹೋದರೆ ಇರಲಿಕ್ಕೇ ಹೋಗುವುದು ಎಂದು ಹೆಂಡತಿ ಹೇಳಿದ್ದರಿಂದ ಗದ್ದೆಯನ್ನು ಗೇಣಿಗೆ ಕೊಟ್ಟೆವು. ಮುಂಬೈ ಸಂದರ್ಶನದ ಬಗ್ಗೆ ಹೇಳುವುದು ಹೆಚ್ಚಿಲ್ಲ: ಕಾದದ್ದೇ ಹೆಚ್ಚು, ಕೇಳಿದ್ದು ಕಡಿಮೆ. ಶೆಡ್ತಿ, ಶೆಟ್ಟಿ ಬಗ್ಗೆ ಒಂದು ಪ್ರಶ್ನೆ ಬಂತು. ಅಫಿಡವಿಟ್ ಕಿಟಕಿಯೊಳಗೆ ಹೋಯಿತು, ಹಿಂದೆ ಬಂತು.

ಇಷ್ಟನ್ನು ಓದಿ ಎಲ್ಲರೂ ಹೀಗೆಯೇ ಮಾಡಬಹುದು ಎಂದುಕೊಳ್ಳಬೇಡಿ. ನಮ್ಮದು ಸೀದಾ ಕುಟುಂಬ. ಹಿಂದೆ ವೀಸಾ ಅವಧಿ ಮೀರಿ ಉಳಿದವರು, ಎಲ್ಲಾದರೂ ಕ್ರಿಮಿನಲ್ ಪ್ರಕರಣ ದಾಖಲಾದವರು, ಅದು ಖುಲಾಸೆಯಾಗಿದ್ದರೂ ಸರಿ, ದತ್ತು ಮಕ್ಕಳಿರುವವರು, ಇಪ್ಪತ್ತೊಂದರ ಹೊಸ್ತಿಲಲ್ಲಿ ಮಗುವಿರುವವರು ಮೊದಲ ದಿನದಿಂದಲೇ ವಕೀಲರನ್ನು ಇಡಬೇಕು. ನನ್ನ ಫೈಲಿನ ನಕಲು ಕೇಳಿಕೊಂಡು ಬಂದ ಪರಿಚಿತರೊಬ್ಬರು ಹಿಂದೆ ಹಡಗಿನಲ್ಲಿದ್ದವರು. ಕರಾವಳಿಯಲ್ಲಿ ಅಂಥವರು ಬೇಕಾದಷ್ಟು ಜನ. ಅಮೆರಿಕದ ಬಂದರಿನಲ್ಲಿ ಇಳಿದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದು ಊರಿಗೆ ಮರಳಿದ್ದರು; ಈಗ ಪ್ರಜೆಯಾದ ಮಗ ಕರೆಸಿಕೊಳ್ಳುತ್ತಾನೆ. ಹಾಗೆ ಉಳಿದವರಿಗೆ ಹೊರಬಂದ ದಿನದಿಂದ ಹತ್ತು ವರ್ಷ ಪ್ರವೇಶ ನಿಷೇಧ. ಅದಕ್ಕೆ ವಿನಾಯಿತಿ ಕೇಳಲು ಅಲ್ಲಿ ಪ್ರಜೆಯೋ ಗ್ರೀನ್ ಕಾರ್ಡ್ ಉಳ್ಳವರೋ ಆದ ಸಂಗಾತಿ ಅಥವಾ ಹೆತ್ತವರಿಗೆ ಆಗುವ ತೀವ್ರ ಕಷ್ಟವನ್ನು ತೋರಿಸಬೇಕು. ಮಗನ ಕಷ್ಟ ಆ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ನಕಲು ಕೊಡಲಿಲ್ಲ. ವಕೀಲೆಯ ವಿಳಾಸ ಕೊಟ್ಟೆ, ಹಡಗು ಹತ್ತಿದ, ಇಳಿದ, ಮರಳಿದ ತಾರೀಕುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸಿ ಎಂದೆ, ಒಂದನ್ನೂ ಮುಚ್ಚಿಡದೆ.