ಹುಮನಾಬಾದಿನ ಚಾರ್ಜರ್ ಮುಂದಿನ ಪಾಳಿ

ಔಷಧ ವಿತರಣೆಯ ಕೆಲಸಕ್ಕಾಗಿ ನಾನು ವಾರಕ್ಕೆ ಮೂರು ಸಲ ಕಲಬುರಗಿಯಿಂದ ಹುಮನಾಬಾದ್ ದಾರಿಯಾಗಿ ಬೀದರಿಗೆ ಹೋಗಿ ಅದೇ ದಿನ ಮರಳುತ್ತೇನೆ. ಹೋಗಿಬರಲು ಸುಮಾರು 230 ಕಿಲೋಮೀಟರ್. ನನ್ನ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 30 ಯೂನಿಟ್ ಹಿಡಿಯುತ್ತದೆ. ಸಾಮಾನು ಹೇರಿ ಎ.ಸಿ. ಹಾಕಿದರೆ ಯೂನಿಟ್‌ಗೆ ಆರೂವರೆ ಕಿಲೋಮೀಟರ್ ದಕ್ಕುತ್ತದೆ. ಹೀಗಾಗಿ ಮರಳುವಾಗ ಹುಮನಾಬಾದಿನ ಹತ್ತಿರ ಒಂದು ಸಲ ಚಾರ್ಜ್ ಮಾಡದೆ ಗತ್ಯಂತರವಿಲ್ಲ.

ಮೊದಲ ಕೆಲವು ತಿಂಗಳು ನಾನೂ ಭಯಕ್ಕೆ ಬಿದ್ದು ಅಲ್ಲಿ ಪ್ರತಿ ಸಲ ನೂರು ಪ್ರತಿಶತ ತುಂಬಿಸಿಯೇ ಹೊರಡುತ್ತಿದ್ದೆ. ಅದು ಎಷ್ಟು ತಪ್ಪೆಂದು ತಿಳಿದದ್ದು ಒಂದು ಸಂಜೆ ಪಾಳಿಯಲ್ಲಿ ಮೂರನೆಯವನಾಗಿ ನಿಂತಾಗ. ಒಂದು ಗನ್ (ಕಾರಿಗೆ ಹಚ್ಚುವ ಚಾರ್ಜಿಂಗ್ ಕೇಬಲ್ಲಿನ ಹಿಡಿಕೆ) ಕೆಟ್ಟಿತ್ತು. ಇನ್ನೊಂದಕ್ಕೆ ಹಚ್ಚಿದ್ದ ಕಾರು 83 ಪ್ರತಿಶತ ತೋರಿಸುತ್ತಿತ್ತು. 30 ಕಿಲೋವ್ಯಾಟ್ ಕೊಡಬಲ್ಲ ಯಂತ್ರದ ಪರದೆಯ ಮೇಲೆ ಆಗ ಓಡುತ್ತಿದ್ದದ್ದು ಬರೀ 9. “ಅಣ್ಣಾರ, ಇನ್ನ ಎಷ್ಟೊತ್ತು ಆಗ್ತದ್ರಿ?” ಎಂದು ಆ ಕಾರಿನವರನ್ನು ಕೇಳಿದೆ. “ನೂರು ಆದ ಮ್ಯಾಲೆ ತೆಗಿತೀನ್ರಿ” ಎಂದರು. ಹಿಂದಿನ ವಾರ ನಾನು ಮಾಡಿದ್ದೂ ಅದನ್ನೇ ಆಗಿದ್ದರಿಂದ ಮರುಮಾತಾಡಲಿಲ್ಲ.

ಅಂದು ರಾತ್ರಿ ಲೆಕ್ಕ ಹಾಕಿದೆ. ನನ್ನ ಕಾರು 20ರಿಂದ 80ಕ್ಕೆ ಏರಲು ಮುಕ್ಕಾಲು ಗಂಟೆಯಲ್ಲಿ 18 ಯೂನಿಟ್ ಎಳೆಯುತ್ತದೆ. ಎಂಬತ್ತು ದಾಟಿದ ಮೇಲೆ ಬ್ಯಾಟರಿ ತನ್ನ ರಕ್ಷಣೆಗಾಗಿ ವಿದ್ಯುತ್ತನ್ನು ತಗ್ಗಿಸಿಕೊಳ್ಳುವುದರಿಂದ, ಉಳಿದ 6 ಯೂನಿಟ್‌ಗೂ ಅಷ್ಟೇ ಹೊತ್ತು ಬೇಕು. ಆ ಕೇಂದ್ರದಲ್ಲಿ ಯೂನಿಟ್‌ಗೆ 20 ರೂಪಾಯಿ. 18 ಪ್ರತಿಶತ ಜಿ.ಎಸ್.ಟಿ. ಸೇರಿ 23.60. ಮೊದಲ ಮುಕ್ಕಾಲು ಗಂಟೆಗೆ ಕೊಟ್ಟದ್ದು 424.80 ರೂಪಾಯಿ, ಎರಡನೆಯ ಮುಕ್ಕಾಲು ಗಂಟೆಗೆ 141.60. ಗನ್ ಹಿಡಿದುಕೊಂಡ ಹೊತ್ತು ಒಂದೇ, ತೆತ್ತ ಹಣ ಮೂರನೇ ಒಂದು ಪಾಲು! ದರವನ್ನು ಬರೀ ಯೂನಿಟ್‌ಗೆ ಕಟ್ಟಿದಾಗ ಹಿಂದೆ ನಿಂತವನ ಹೊತ್ತಿಗೆ ಬೆಲೆಯೇ ಇರುವುದಿಲ್ಲ. ಎಂಬತ್ತರ ನಂತರ ನಿಮಿಷಕ್ಕಿಷ್ಟು ಎಂದು ಶುಲ್ಕ ಹಾಕಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಈಗ ಮನೆಯಲ್ಲಿ ರಾತ್ರಿಯಿಡೀ 15 ಆಂಪಿಯರ್ ಸಾಕೆಟ್‌ಗೆ ಹಚ್ಚಿ, ಬೆಳಿಗ್ಗೆ ಪೂರ್ತಿ ತುಂಬಿಸಿಕೊಂಡೇ ಹೊರಡುತ್ತೇನೆ. ಮರಳಿ ಹುಮನಾಬಾದ್ ಮುಟ್ಟುವಾಗ ಹದಿನೈದು ಪ್ರತಿಶತದ ಆಸುಪಾಸು ಉಳಿದಿರುತ್ತದೆ. ಕಲಬುರಗಿ ಇನ್ನು 60 ಕಿಲೋಮೀಟರ್. ಹತ್ತು ಯೂನಿಟ್ ಹಾಕಿಸಿದರೆ ದಾರಿಗೂ ಆಗಿ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಬ್ಯಾಟರಿ ಕೆಳಗಿದ್ದಾಗ ವಿದ್ಯುತ್ತು ಬಿರುಸಾಗಿ ಹರಿಯುವುದರಿಂದ ಅರ್ಧ ಗಂಟೆಯೊಳಗೆ ಗನ್ ತೆಗೆಯುತ್ತೇನೆ, ಖರ್ಚು 236 ರೂಪಾಯಿ. ಮೇ ತಿಂಗಳ ಬಿಸಿಲಲ್ಲಿ ಬ್ಯಾಟರಿ ಕಾದು ವೇಗ ತಗ್ಗುವುದರಿಂದ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.

ಸಂಜೆಯ ಪಾಳಿ ತಪ್ಪಿಸಲು ಬೀದರಿನ ಅಂಗಡಿಗಳನ್ನು ಬೇಗ ಮುಗಿಸಿ ಮಧ್ಯಾಹ್ನ ಮೂರರೊಳಗೆ ಹುಮನಾಬಾದಿನಲ್ಲಿರುತ್ತೇನೆ. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಮಾರ್ಗಸೂಚಿಯಲ್ಲಿ, ವಿದ್ಯುತ್ ಕಂಪನಿ ಚಾರ್ಜಿಂಗ್ ಕೇಂದ್ರಗಳಿಗೆ ಕೊಡುವ ವಿದ್ಯುತ್ತಿಗೆ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನಲ್ಲಿ 1.3 ಪಟ್ಟು ದರ ಎಂದಿದೆ. ನಾನು ಹೋಗುವ ಕೇಂದ್ರದಲ್ಲಿ ಮಾತ್ರ ಹಗಲಿಗೂ ರಾತ್ರಿಗೂ ಒಂದೇ ದರ. ಮಧ್ಯಾಹ್ನ ಎರಡು ರೂಪಾಯಿ ಇಳಿಸಿದರೂ ಸಂಜೆಯ ಅರ್ಧ ಗದ್ದಲ ತಾನೇ ಚದುರುತ್ತದೆಂದು ಅಲ್ಲಿನ ಮೇಲ್ವಿಚಾರಕರಿಗೆ ಎರಡು ಸಲ ಹೇಳಿದ್ದೇನೆ. ಪಕ್ಕದ ಢಾಬಾದಲ್ಲಿ ಊಟಕ್ಕೆ ಕೂಡುವಾಗ ಈಗ ನನ್ನ ಫೋನ್ ನಂಬರ್ ಬರೆದ ಚೀಟಿಯನ್ನು ಕಾರಿನ ಮುಂಗಾಜಿನ ಒಳಗೆ ಇಟ್ಟಿರುತ್ತೇನೆ. ಕರೆ ಬಂದರೆ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದು ಹೋಗಿ ಗನ್ ತೆಗೆಯುತ್ತೇನೆ.