ಒಗ್ಗರಣೆ ಮೊದಲು, ನೀರು ಆಮೇಲೆ

ಕೆಲಸದ ಮೇಲೆ ಎರಡು ವರ್ಷ ಬ್ರೆಜಿಲ್‌ನ ಕಂಪಿನಾಸ್‌ನಲ್ಲಿದ್ದೆ. ಸಾವೊ ಪಾಲೊದಿಂದ ಸುಮಾರು 100 ಕಿಲೋಮೀಟರ್ ದೂರದ ಊರು. ಬೆಳಿಗ್ಗೆ ಹನ್ನೊಂದು ದಾಟಿತೆಂದರೆ ಮೆಟ್ಟಿಲ ಮೇಲೆಲ್ಲ ಬೆಳ್ಳುಳ್ಳಿ ಹುರಿಯುವ ಘಮ. ಜೊತೆಗೆ ಕಾಳು ಬೇಯಿಸುವ ಕುಕ್ಕರ್ ಸದ್ದು. ಅದು ನಮ್ಮದರ ಹಾಗೆ ಸೀಟಿ ಹೊಡೆಯುವುದಿಲ್ಲ, ಒಂದೇ ಸಮನೆ ಬುಸ್ ಅನ್ನುತ್ತದೆ.

ಅಲ್ಲಿ ಮಧ್ಯಾಹ್ನದ ಊಟ ಅಂದರೆ ಅನ್ನ ಮತ್ತು ಫೇಜಾಂವ್, ಅಂದರೆ ಬೇಯಿಸಿದ ಕಾಳು. ಅನ್ನಕ್ಕೆ ಮಾತ್ರ ಒಂದೇ ಹೊಗಳಿಕೆ: ‘ಸೊವ್ಚೀನ್ಯು’, ಅಗಳು ಅಗಳು ಬಿಡಿ ಬಿಡಿ. ಅನ್ನ ಮಾಡಲು ನನಗೆ ಯಾರು ಹೇಳಿಕೊಡಬೇಕು ಅಂತ ಜಂಬವಿತ್ತು. ಮೊದಲ ಸಲ ಮಾಡಿದ್ದು ಪೊಂಗಲ್ ಆಯಿತು. ಎದುರು ಮನೆಯ ಅಜ್ಜಿ ಪಾತ್ರೆಯೊಳಗೆ ಇಣುಕಿ ನಕ್ಕೇಬಿಟ್ಟರು. ಮಾರನೇ ದಿನ ನಾನು ಅವರ ಅಡುಗೆಮನೆಯಲ್ಲಿದ್ದೆ.

ಅಲ್ಲಿನ ಅಕ್ಕಿ ಅಗುಲ್ಯೀನ್ಯ, ಉದ್ದ ಕಾಳಿನದು. ಹೆಸರಿನ ಅರ್ಥವೇ ಸಣ್ಣ ಸೂಜಿ. ಎರಡು ಲೋಟ ಅಕ್ಕಿ ತೊಳೆದು, ಜರಡಿಯಲ್ಲಿ ಅರ್ಧ ಗಂಟೆ ನೀರು ಸೋರಲು ಬಿಟ್ಟರು. ಪಕ್ಕದ ಒಲೆಯಲ್ಲಿ ನಾಲ್ಕು ಲೋಟ ನೀರು ಕುದಿಯಲು ಇಟ್ಟರು. ಪಾತ್ರೆಗೆ ಎರಡು ಚಮಚ ಎಣ್ಣೆ, ಸಣ್ಣಗೆ ಹೆಚ್ಚಿದ ಅರ್ಧ ಈರುಳ್ಳಿ. ಅದು ಬಾಡಿದ ಮೇಲೆ ಉಪ್ಪಿನ ಜೊತೆ ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ. ನಾನು ಮನೆಯಲ್ಲಿ ಎರಡನ್ನೂ ಒಟ್ಟಿಗೆ ಹಾಕಿದ್ದೆ. ಈರುಳ್ಳಿ ಬೇಯುವಷ್ಟರಲ್ಲಿ ಬೆಳ್ಳುಳ್ಳಿ ಸೀದು ಅನ್ನವೆಲ್ಲ ಕಹಿ.

ಮುಂದಿನದೇ ಮುಖ್ಯ. ಅಕ್ಕಿ ಹಾಕಿ ಹುರಿಯಬೇಕು. ಮೊದಲು ಹಸಿಯಾಗಿ ಸೌಟಿಗೆ ಅಂಟುತ್ತದೆ. ಮೂರ್ನಾಲ್ಕು ನಿಮಿಷಕ್ಕೆ ಬಿಡಿಯಾಗಿ ಪಾತ್ರೆಯಲ್ಲಿ ಮರಳಿನ ಹಾಗೆ ಸರಸರ ಅನ್ನುತ್ತದೆ. ಅಜ್ಜಿ ನನ್ನ ಕಿವಿ ಮುಟ್ಟಿ ತೋರಿಸಿದರು: ಕೇಳಿಸಿಕೋ. ಪ್ರತಿ ಅಗಳಿಗೂ ಎಣ್ಣೆ ಹತ್ತಿದರೆ ಆಮೇಲೆ ಒಂದಕ್ಕೊಂದು ಅಂಟುವುದು ಕಡಿಮೆ. ಆಗ ಕುದಿಯುವ ನೀರು ಸುರಿಯಬೇಕು, ತಣ್ಣೀರಲ್ಲ. ಉಪ್ಪು ಆಗಲೇ ನೋಡಿಕೊಳ್ಳಬೇಕು, ನೀರು ಒಂಚೂರು ಜಾಸ್ತಿ ಉಪ್ಪೆನಿಸಿದರೆ ಸರಿ. ಒಂದು ಸಲ ತಿರುವಿ, ಮುಚ್ಚಳ ಓರೆಯಾಗಿಟ್ಟು, ಉರಿ ಸಣ್ಣ ಮಾಡುವುದು.

ಆಮೇಲೆ ಸೌಟು ಮುಟ್ಟಬಾರದು. ನನಗೆ ಕಷ್ಟವಾಗಿದ್ದು ಇದೊಂದೇ! ಕೈ ಸುಮ್ನೆ ಇರುವುದಿಲ್ಲ ಅಲ್ವಾ? ಕಲಕಿದರೆ ಅಗಳು ಮುರಿದು ಗಂಜಿ ಬಿಡುತ್ತದೆ, ನನ್ನ ಪೊಂಗಲ್ ಆಗಿದ್ದೂ ಹಾಗೇ. ಹದಿನೈದು ನಿಮಿಷಕ್ಕೆ ಮೇಲೆಲ್ಲ ತೂತು ಬೀಳುತ್ತದೆ. ಅಂಚಿನಲ್ಲಿ ಫೋರ್ಕ್ ತೂರಿಸಿ ತಳ ನೋಡಬೇಕು. ನೀರು ಕಾಣದಿದ್ದರೆ ಒಲೆ ಆರಿಸಿ, ಪೂರ್ತಿ ಮುಚ್ಚಿ ಹತ್ತು ನಿಮಿಷ ಬಿಡಬೇಕು.

ಚಿತ್ರಾನ್ನಕ್ಕೆ ನಾವು ಅನ್ನ ಮಾಡಿ ಒಗ್ಗರಣೆ ಕಲಸುತ್ತೇವೆ, ಇಲ್ಲಿ ಒಗ್ಗರಣೆಯೊಳಗೇ ಅಕ್ಕಿ ಬೇಯುತ್ತದೆ. ಸಾಸಿವೆ, ಅರಿಶಿನ, ಮೆಣಸಿನಕಾಯಿ ಯಾವುದೂ ಇಲ್ಲ. ಸಪ್ಪೆ ಅಂತ ನನಗೂ ಅನಿಸಿತ್ತು. ಆದರೆ ಈ ಅನ್ನವನ್ನು ಬರಿದೇ ತಿನ್ನುವುದಿಲ್ಲ, ಮೇಲೆ ಕಾಳಿನ ಗಟ್ಟಿ ರಸ ಬೀಳಬೇಕು.

ಈಗ ಊರಿನಲ್ಲಿ ಸೋನಾ ಮಸೂರಿಯಲ್ಲೇ ಮಾಡುತ್ತೇನೆ. ನೀರು ಕಾಲು ಲೋಟ ಕಡಿಮೆ ಹಾಕುತ್ತೇನೆ, ಆದರೂ ಅಜ್ಜಿಯ ಅನ್ನದಷ್ಟು ಬಿಡಿಯಾಗುವುದಿಲ್ಲ. ಅಮ್ಮ ಅದಕ್ಕೆ ಹುರುಳಿಕಾಳು ಸಾರು ಹಾಕಿಕೊಂಡು ಉಣ್ಣುತ್ತಾರೆ, ಪಕ್ಕದಲ್ಲಿ ಉಪ್ಪಿನಕಾಯಿ ಇರಲೇಬೇಕು.